ರೇಡ್ ಮತ್ತು ಎಸ್‌ಎಸ್‌ಡಿ: ಅಳಿಸಿದ ಸುದ್ದಿ ತಲುಪದ ಕಥೆ

1987ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ಎರಡು ಮೂಲೆಗಳಲ್ಲಿ ಎರಡು ಪ್ರಬಂಧಗಳು ಬೆಳಕು ಕಂಡವು. ಮೊದಲನೆಯದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ಶಾಖೆಯಲ್ಲಿ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಎಂಬ ಮೂವರು ಬರೆದ ತಾಂತ್ರಿಕ ವರದಿ. ಅಗ್ಗದ ಹಲವು ಡಿಸ್ಕುಗಳನ್ನು ಒಂದುಗೂಡಿಸಿ ದೊಡ್ಡದೊಂದು ಡಿಸ್ಕಿನ ಕೆಲಸವನ್ನು ಪಡೆಯುವ ಬಗೆ ಅದರ ವಿಷಯ. ಎರಡನೆಯದು ವಾಷಿಂಗ್ಟನ್ ನಗರದ ಸಮ್ಮೇಳನವೊಂದರಲ್ಲಿ ಜಪಾನಿನ ತೋಶಿಬಾ ಸಂಸ್ಥೆಯ ಫುಜಿಯೊ ಮಸುವೊಕ ಮತ್ತು ಸಂಗಡಿಗರು ಮಂಡಿಸಿದ್ದು; ‘ನ್ಯಾಂಡ್ ಫ್ಲ್ಯಾಶ್’ ಎಂಬ ಹೊಸ ಬಗೆಯ ಸ್ಮೃತಿಕೋಶದ ರಚನೆ ಅದರ ವಿಷಯ. ಇವೆರಡರಲ್ಲಿ ಒಂದನ್ನು ಬರೆದವರು ಇನ್ನೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಿಲ್ಲ. ಆದರೆ ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಆ ಎರಡೂ ವಿಚಾರಗಳು ಒಂದೇ ಪೆಟ್ಟಿಗೆಯೊಳಗೆ ಸಂಸಾರ ಹೂಡಬೇಕಾಯಿತು. ಆ ಸಂಸಾರದಲ್ಲಿ ಎದ್ದ ವಿರಸಗಳ ಚರಿತ್ರೆಯನ್ನು ಇಲ್ಲಿ ಬರೆಯಹೊರಟಿದ್ದೇನೆ. ಇದು ಎಂಜಿನಿಯರುಗಳ ಮನೆವಾರ್ತೆಯಲ್ಲವೇ, ನಮಗೇಕೆ ಎಂದು ಓದುಗರು ಕೇಳಬಹುದು. ಇಂದು ಬ್ಯಾಂಕಿನ ಲೆಕ್ಕವಾಗಲಿ ಆಸ್ಪತ್ರೆಯ ಕಡತವಾಗಲಿ ಇಂತಹ ಪೆಟ್ಟಿಗೆಗಳೊಳಗೇ ಕುಳಿತಿರುತ್ತದೆ. ಅವು ನಿಧಾನವಾದರೆ ಕಿಟಕಿಯ ಮುಂದೆ ಸರದಿಯಲ್ಲಿ ನಿಲ್ಲುವವರು ನಾವೇ.

ಮೊದಲಿಗೆ ರೇಡ್. ಆದಾಯ ತೆರಿಗೆಯವರು ನಡೆಸುವ ರೇಡಿಗೂ ಇದಕ್ಕೂ ಸಂಬಂಧವಿಲ್ಲ. ‘ಅಗ್ಗದ ಡಿಸ್ಕುಗಳ ಹೆಚ್ಚುವರಿ ಸಾಲು’ ಎಂಬ ಅರ್ಥದ ಆಂಗ್ಲ ಪದಗಳ ಮೊದಲಕ್ಷರಗಳನ್ನು ಜೋಡಿಸಿ ಮಾಡಿದ ಹೆಸರದು. ಮುಂದೆ ವ್ಯಾಪಾರಸ್ಥರಿಗೆ ‘ಅಗ್ಗದ’ ಎಂಬ ಮಾತು ರುಚಿಸದೆ, ಅದೇ ಅಕ್ಷರದಿಂದ ಆರಂಭವಾಗುವ ‘ಸ್ವತಂತ್ರ’ ಎಂಬ ಪದವನ್ನು ಅಲ್ಲಿ ಕೂರಿಸಿದರು. ಆ ಕಾಲದಲ್ಲಿ ಐಬಿಎಂ ಸಂಸ್ಥೆಯ 3380 ಎಂಬ ಬೃಹತ್ ಡಿಸ್ಕು 7500 ಮೆಗಾಬೈಟ್ ಹಿಡಿಸುತ್ತಿತ್ತು. ಸಣ್ಣ ಗಣಕಗಳಿಗಾಗಿ ತಯಾರಾಗುತ್ತಿದ್ದ ಡಿಸ್ಕು ಹಿಡಿಸುತ್ತಿದ್ದುದು 100 ಮೆಗಾಬೈಟ್. ಅಂತಹ 75 ಸಣ್ಣ ಡಿಸ್ಕುಗಳನ್ನು ಕೂಡಿಸಿದರೆ ದೊಡ್ಡದಕ್ಕೆ ಸರಿಸಮ. ಎಲ್ಲವೂ ಒಟ್ಟಿಗೆ ಓದಿ ಬರೆಯುವುದರಿಂದ ವೇಗವೂ ಹೆಚ್ಚು. ತೊಡಕು ಮಾತ್ರ ಬಾಳಿಕೆಯದು. ಒಂದು ಡಿಸ್ಕು ಸರಾಸರಿ 30,000 ಗಂಟೆ ಬಾಳುವುದಾದರೆ ನೂರು ಡಿಸ್ಕುಗಳ ಗುಂಪಿನಲ್ಲಿ ಯಾವುದಾದರೂ ಒಂದು ಸರಾಸರಿ 300 ಗಂಟೆಗಳೊಳಗೆ, ಅಂದರೆ ಎರಡು ವಾರ ತುಂಬುವ ಮೊದಲೇ, ಕೆಡುತ್ತದೆ ಎಂದು ಆ ಮೂವರೇ ಲೆಕ್ಕ ಹಾಕಿ ತೋರಿಸಿದರು.

ಇದಕ್ಕೆ ಅವರು ವಿವರಿಸಿದ ಉಪಾಯಗಳಲ್ಲಿ ಮುಖ್ಯವಾದುದು ‘ಪ್ಯಾರಿಟಿ’. ಅಂಕಪಟ್ಟಿ ಬರೆದು ರೂಢಿಯಿರುವವರಿಗೆ ಇದು ತಟ್ಟನೆ ತಿಳಿಯುತ್ತದೆ. ಆರು ವಿಷಯಗಳ ಅಂಕಗಳೂ ಅವುಗಳ ಮೊತ್ತವೂ ಬರೆದಿದ್ದು, ಇಲಿ ಕಡಿದು ಒಂದು ವಿಷಯದ ಅಂಕ ಹೋಯಿತೆನ್ನಿ. ಮೊತ್ತದಿಂದ ಉಳಿದ ಐದನ್ನು ಕಳೆದರೆ ಹೋದ ಅಂಕ ಮರಳಿ ಸಿಕ್ಕಿತು. ರೇಡ್ 5 ಎಂಬ ಕ್ರಮದಲ್ಲಿ ಈ ‘ಮೊತ್ತ’ವನ್ನು ಎಲ್ಲ ಡಿಸ್ಕುಗಳಿಗೂ ಸರದಿಯಂತೆ ಹಂಚಿಡುತ್ತಾರೆ. ಎರಡು ಡಿಸ್ಕುಗಳಲ್ಲಿ ಒಂದೇ ಪ್ರತಿಯನ್ನು ಇಡುವುದು ರೇಡ್ 1. ರಕ್ಷಣೆಯ ಗೊಡವೆಗೆ ಹೋಗದೆ ವೇಗಕ್ಕಾಗಿ ಮಾತ್ರ ಹಂಚಿ ಬರೆಯುವುದು ರೇಡ್ 0. ಇಲ್ಲಿ ಓದುಗರು ಒಂದಂಶವನ್ನು ಗಮನಿಸಬೇಕು. ಈ ಗಣಿತವೆಲ್ಲ ನಿಂತಿರುವುದು ಒಂದು ಡಿಸ್ಕಿನ ಸಾವಿಗೂ ಇನ್ನೊಂದರ ಸಾವಿಗೂ ನಂಟಿಲ್ಲವೆಂಬ ಊಹೆಯ ಮೇಲೆ. ಎರಡು ಅಂಕಗಳು ಒಟ್ಟಿಗೆ ಹೋದರೆ ಮೊತ್ತವಿದ್ದೂ ಪ್ರಯೋಜನವಿಲ್ಲ. ಕಬ್ಬಿಣದ ತೋಳು ಆಡುವ, ತಟ್ಟೆ ತಿರುಗುವ ಯಂತ್ರಗಳ ವಿಷಯದಲ್ಲಿ ಆ ಊಹೆ ಬಹುಮಟ್ಟಿಗೆ ನಡೆಯಿತು.

ಇನ್ನು ಮಸುವೊಕ ಅವರ ಫ್ಲ್ಯಾಶ್. ಮೊದಲ ಬಗೆಯ ಫ್ಲ್ಯಾಶ್ ಸ್ಮೃತಿಯನ್ನು ಅವರು 1984ರಲ್ಲೇ ಪ್ರಕಟಿಸಿದ್ದರು. ಇಡೀ ಭಾಗವೊಂದು ಒಮ್ಮೆಗೇ ಅಳಿಸಿಹೋಗುವುದನ್ನು ಕಂಡ ಸಹೋದ್ಯೋಗಿ ಶೋಜಿ ಅರಿಇಜುಮಿ ಅವರಿಗೆ ಕ್ಯಾಮೆರಾದ ಮಿಂಚುದೀಪ ನೆನಪಾಗಿ ಈ ಹೆಸರನ್ನು ಸೂಚಿಸಿದರಂತೆ. ಅಳಿಸುವಿಕೆಯೇ ಹೆಸರಾದ ಈ ಸ್ಮೃತಿಗೆ ಅಳಿಸುವಿಕೆಯೇ ತೊಡಕೂ ಆಯಿತು ಎಂಬುದು ಸ್ವಾರಸ್ಯದ ಸಂಗತಿ.

ತರಗತಿಯ ಕರಿಹಲಗೆಯನ್ನು ಕಲ್ಪಿಸಿಕೊಳ್ಳಿ. ಸೀಮೆಸುಣ್ಣದಿಂದ ಒಂದೊಂದೇ ಸಾಲು ಬರೆಯಬಹುದು; ಆದರೆ ಒರೆಸುವ ಬಟ್ಟೆ ಹಲಗೆಯಷ್ಟೇ ಅಗಲವಾಗಿದ್ದು, ಒರೆಸಿದರೆ ಇಡೀ ಹಲಗೆಯನ್ನೇ ಒರೆಸಬೇಕು. ಒಂದು ಸಾಲನ್ನು ತಿದ್ದಬೇಕಾದರೆ ಉಳಿದ ಸಾಲುಗಳನ್ನೆಲ್ಲ ಬೇರೆ ಹಲಗೆಗೆ ನಕಲು ಮಾಡಿಕೊಂಡು ಆಮೇಲೆ ಒರೆಸಬೇಕು. ಫ್ಲ್ಯಾಶಿನ ಸ್ಥಿತಿ ಇದೇ. ಬರೆಯುವುದು ‘ಪುಟ’ದ ಲೆಕ್ಕದಲ್ಲಿ, ಅಳಿಸುವುದು ‘ಬ್ಲಾಕ್’ ಲೆಕ್ಕದಲ್ಲಿ. 2008ರಲ್ಲಿ ಇಂಟೆಲ್ ಹೊರತಂದ ಎಕ್ಸ್25-ಎಂ ಎಂಬ ಎಸ್‌ಎಸ್‌ಡಿಯಲ್ಲಿ ಪುಟಕ್ಕೆ 4 ಕಿಲೋಬೈಟ್, ಬ್ಲಾಕಿಗೆ 128 ಪುಟಗಳು, ಅಂದರೆ 512 ಕಿಲೋಬೈಟ್. ಅದೂ ಅಲ್ಲದೆ ಹಲಗೆ ಒರೆಸಿದಷ್ಟೂ ಸವೆಯುತ್ತದೆ. ಇಂತಿಷ್ಟು ಸಾವಿರ ಸಲ ಅಳಿಸಿದ ಮೇಲೆ ಆ ಬ್ಲಾಕಿನಲ್ಲಿ ಬರೆದುದು ನಿಲ್ಲುವ ಭರವಸೆಯಿಲ್ಲ.

ಆದುದರಿಂದ ಎಸ್‌ಎಸ್‌ಡಿ ತನ್ನೊಳಗೆ ಒಂದು ಖಾತೆ ಪುಸ್ತಕವನ್ನು ಇಟ್ಟುಕೊಳ್ಳುತ್ತದೆ. ಗಣಕವು ‘ಹತ್ತನೆಯ ಜಾಗದಲ್ಲಿ ಬರೆ’ ಎಂದರೆ ಅದು ಎಲ್ಲೋ ಖಾಲಿಯಿರುವ ಪುಟದಲ್ಲಿ ಬರೆದು, ‘ಹತ್ತು ಎಂದರೆ ಇನ್ನು ಮುಂದೆ ಇದು’ ಎಂದು ಖಾತೆಯಲ್ಲಿ ಗುರುತು ಹಾಕುತ್ತದೆ. ಹಳೆಯ ಪುಟ ಹಾಗೆಯೇ ಕಸವಾಗಿ ಉಳಿಯುತ್ತದೆ. ಬಿಡುವಾದಾಗ ಕಸ ಹೆಚ್ಚಿರುವ ಬ್ಲಾಕನ್ನು ಆರಿಸಿ, ಅದರಲ್ಲಿನ ಜೀವಂತ ಪುಟಗಳನ್ನು ಬೇರೆಡೆಗೆ ಸಾಗಿಸಿ, ಬ್ಲಾಕನ್ನು ಅಳಿಸಿ ಇಟ್ಟುಕೊಳ್ಳುತ್ತದೆ. ಇಂತಹ ಖಾತೆಯ ಕ್ರಮವೊಂದಕ್ಕೆ ಇಸ್ರೇಲಿನ ಎಂ-ಸಿಸ್ಟಮ್ಸ್ ಸಂಸ್ಥೆಯ ಅಮೀರ್ ಬಾನ್ ಅವರಿಗೆ 1995ರಲ್ಲಿ ಹಕ್ಕುಸ್ವಾಮ್ಯ ದೊರೆಯಿತು. ಹಳೆಯದನ್ನು ತಿದ್ದದೆ ಹೊಸ ಜಾಗದಲ್ಲಿ ಬರೆಯುತ್ತಾ ಹೋಗಿ ಆಮೇಲೆ ಗುಡಿಸುವ ಇದೇ ತತ್ತ್ವವನ್ನು ರೋಸೆನ್‌ಬ್ಲಮ್ ಮತ್ತು ಔಸ್ಟರ್‌ಹೌಟ್ ಎಂಬ ಇಬ್ಬರು 1991ರಲ್ಲಿ ಸಾಧಾರಣ ಡಿಸ್ಕುಗಳಿಗಾಗಿ ಪ್ರತಿಪಾದಿಸಿದ್ದರು; ಅವರೂ ಬರ್ಕ್ಲಿಯವರೇ. ಒಂದೇ ವಿದ್ಯಾಸಂಸ್ಥೆಯಿಂದ ನಾಲ್ಕೇ ವರ್ಷಗಳ ಅಂತರದಲ್ಲಿ ಹೊರಟ ಎರಡು ವಿಚಾರಗಳು ಮುಂದೆ ಎದುರುಬದುರಾಗಿ ನಿಂತವೆಂಬುದು ನನಗೆ ಬಹಳ ಕುತೂಹಲದ ವಿಷಯವಾಗಿ ತೋರುತ್ತದೆ.

ಸ್ಯಾನ್‌ಡಿಸ್ಕ್ ಎಂದು ಮುಂದೆ ಹೆಸರಾದ ಸಂಸ್ಥೆ 1991ರಲ್ಲಿ ಐಬಿಎಂಗೆ 20 ಮೆಗಾಬೈಟಿನ ಫ್ಲ್ಯಾಶ್ ಡಿಸ್ಕನ್ನು ಮಾರಿತ್ತು. ಬೆಲೆ ಸುಮಾರು ಸಾವಿರ ಡಾಲರ್. ಆ ದರದಲ್ಲಿ ಸಾಲುಗಟ್ಟಿ ಜೋಡಿಸುವ ಮಾತು ಯಾರ ಮನಸ್ಸಿಗೂ ಬರಲಾರದು. ಬೆಲೆ ಇಳಿದು ಸಾಮಾನ್ಯರ ಗಣಕಗಳಿಗೆ ಎಸ್‌ಎಸ್‌ಡಿ ಬಂದುದು 2008ರ ಆಸುಪಾಸಿನಲ್ಲಿ. ಬಂದ ಕೆಲವೇ ತಿಂಗಳಲ್ಲಿ ದೂರುಗಳೂ ಬಂದವು. 2009ರ ಆರಂಭದಲ್ಲಿ ವಿಮರ್ಶಕರು ಪರೀಕ್ಷಿಸಿ ನೋಡಿದಾಗ, ಹೊಸದಾಗಿದ್ದಾಗ ಮಿಂಚಿನಂತೆ ಬರೆಯುತ್ತಿದ್ದ ಡಿಸ್ಕು ಕೆಲಕಾಲದ ಬಳಕೆಯ ನಂತರ ಕುಂಟತೊಡಗುವುದು ಸ್ಪಷ್ಟವಾಯಿತು.

ಕಾರಣ ಇಷ್ಟೇ. ನಾವು ಕಡತವೊಂದನ್ನು ಅಳಿಸಿದಾಗ ಗಣಕದ ನಿರ್ವಹಣಾ ವ್ಯವಸ್ಥೆಯು ತನ್ನ ಪಟ್ಟಿಯಲ್ಲಿ ಮಾತ್ರ ಅದನ್ನು ಹೊಡೆದುಹಾಕುತ್ತದೆ, ಡಿಸ್ಕಿಗೆ ಹೇಳುವುದಿಲ್ಲ. ಹಳೆಯ ಡಿಸ್ಕಿಗೆ ಹೇಳುವ ಅಗತ್ಯವೂ ಇರಲಿಲ್ಲ, ಅದು ಅದೇ ಜಾಗದ ಮೇಲೆ ಮತ್ತೆ ಬರೆಯಬಲ್ಲದು. ಎಸ್‌ಎಸ್‌ಡಿಯ ಪಾಡು ಬೇರೆ. ವಿದ್ಯಾರ್ಥಿಯೊಬ್ಬ ಟಿಸಿ ತೆಗೆದುಕೊಂಡು ಬೇರೆ ಊರಿಗೆ ಹೋಗಿದ್ದಾನೆ. ಶಾಲೆಯ ಕಚೇರಿಗೆ ಗೊತ್ತು, ತರಗತಿಯ ಉಪಾಧ್ಯಾಯರಿಗೆ ಯಾರೂ ತಿಳಿಸಿಲ್ಲ. ಅವರು ದಿನವೂ ಅವನ ಹೆಸರನ್ನು ಕೂಗುತ್ತಾರೆ, ಹೊಸ ಹಾಜರಿ ಪುಸ್ತಕಕ್ಕೂ ಶ್ರದ್ಧೆಯಿಂದ ನಕಲು ಮಾಡುತ್ತಾರೆ. ಹಾಗೆಯೇ ಎಸ್‌ಎಸ್‌ಡಿಯೂ ಯಾರಿಗೂ ಬೇಡವಾದ ಪುಟಗಳನ್ನು ಜೀವಂತವೆಂದು ತಿಳಿದು ಬ್ಲಾಕಿನಿಂದ ಬ್ಲಾಕಿಗೆ ಹೊರುತ್ತಿತ್ತು. ಅದರಿಂದ ವೇಗವೂ ಹಾಳು, ಆಯುಸ್ಸೂ ಹಾಳು.

ಈ ‘ಟಿಸಿ’ಯ ಸುದ್ದಿಯನ್ನು ಡಿಸ್ಕಿಗೆ ಮುಟ್ಟಿಸುವ ಆಜ್ಞೆಯ ಹೆಸರೇ ‘ಟ್ರಿಮ್’. 2009ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 7 ಅದನ್ನು ಕಳುಹಿಸಬಲ್ಲುದಾಗಿತ್ತು. 2010ರ ಫೆಬ್ರವರಿಯ 2.6.33ನೆಯ ಆವೃತ್ತಿಯಿಂದ ಲಿನಕ್ಸ್ ಕೂಡ. ಒಂಟಿ ಡಿಸ್ಕಿನವರ ಮಟ್ಟಿಗೆ ಕಥೆ ಬಹುಪಾಲು ಇಲ್ಲಿಗೇ ಸುಖಾಂತ.

ಆದರೆ ರೇಡ್ ಕಟ್ಟಿಕೊಂಡವರ ಪಾಲಿಗೆ ಸುದ್ದಿ ನಡುದಾರಿಯಲ್ಲೇ ನಿಂತಿತು. ರೇಡ್ ಎಂಬುದು ಗಣಕಕ್ಕೂ ಡಿಸ್ಕುಗಳಿಗೂ ನಡುವೆ ನಿಲ್ಲುವ ಪರದೆ. ಗಣಕಕ್ಕೆ ಕಾಣುವುದು ಒಂದೇ ದೊಡ್ಡ ಡಿಸ್ಕು. ಹಿಂದಿರುವ ನಾಲ್ಕೋ ಎಂಟೋ ಅದಕ್ಕೆ ಕಾಣಿಸುವುದಿಲ್ಲ. ಇಂತಿಂತಹ ಜಾಗ ಖಾಲಿಯೆಂಬ ಸುದ್ದಿ ಬಂದರೆ ಅದನ್ನು ತುಂಡರಿಸಿ ಆಯಾ ಡಿಸ್ಕಿಗೆ ತಲುಪಿಸಬೇಕಾದುದು ನಡುವಿನ ರೇಡ್ ಪದರ. ‘ಓದು’, ‘ಬರೆ’ ಎಂಬ ಎರಡೇ ಮಾತುಗಳನ್ನು ಕಲಿತಿದ್ದ ಆ ಪದರಕ್ಕೆ ‘ಮರೆ’ ಎಂಬ ಮೂರನೆಯ ಮಾತು ತಿಳಿಯದು. ಹೀಗಾಗಿ ವೇಗಕ್ಕೆಂದು ಎರಡು ಎಸ್‌ಎಸ್‌ಡಿಗಳನ್ನು ಜೋಡಿಸಿದವರು ಕೆಲವು ತಿಂಗಳಲ್ಲಿ ಬರೆಯುವ ವೇಗ ಕುಸಿಯುವುದನ್ನು ಕಾಣುತ್ತಿದ್ದರು. ಆಗ ಇದ್ದ ಪರಿಹಾರವೆಂದರೆ ರೇಡನ್ನು ಒಡೆದು, ಪ್ರತಿಯೊಂದನ್ನೂ ಅಳಿಸುವ ಆಜ್ಞೆ ಕೊಟ್ಟು ಪೂರ್ತಿ ಬರಿದು ಮಾಡಿ, ಮತ್ತೆ ಕಟ್ಟಿ, ನಕಲಿಟ್ಟಿದ್ದ ಮಾಹಿತಿಯನ್ನು ಹಿಂದಕ್ಕೆ ತುಂಬುವುದು. ಮನೆ ಗುಡಿಸಲು ಮನೆಯನ್ನೇ ಕೆಡವಿ ಕಟ್ಟಿದಂತೆ! 2012ರಲ್ಲಿ ಇಂಟೆಲ್ ತನ್ನ ಆ ವರ್ಷದ ಮದರ್‌ಬೋರ್ಡುಗಳಿಗೆ ರೇಡ್ 0ರಲ್ಲಿ ಟ್ರಿಮ್ ಸಾಗುವಂತೆ ತಂತ್ರಾಂಶವನ್ನು ತಿದ್ದಿತು. ಅದೇ ಡಿಸೆಂಬರಿನಲ್ಲಿ ಲಿನಕ್ಸಿನ 3.7ನೆಯ ಆವೃತ್ತಿಯೂ ತನ್ನ ತಂತ್ರಾಂಶ ರೇಡಿಗೆ ಈ ಮಾತನ್ನು ಕಲಿಸಿತು.

ಪ್ಯಾರಿಟಿ ಇರುವ ಕಡೆ ವಿಷಯ ಇನ್ನೂ ಸೂಕ್ಷ್ಮ. ಒಂದು ಡಿಸ್ಕಿನ ಒಂದು ಜಾಗವನ್ನು ‘ಮರೆ’ ಎಂದ ಮೇಲೆ ಅಲ್ಲಿ ಓದಿದರೆ ಏನು ಬರುತ್ತದೆ? ಹಳೆಯದೂ ಬರಬಹುದು, ಸೊನ್ನೆಯೂ ಬರಬಹುದು, ಒಮ್ಮೆ ಅದು ಒಮ್ಮೆ ಇದೂ ಆಗಬಹುದು. ವಿಷಯವಾರು ಅಂಕ ಹೀಗೆ ತನ್ನಿಷ್ಟಕ್ಕೆ ಬದಲಾದರೆ ಮೊತ್ತಕ್ಕೆ ಏನು ಬೆಲೆ? ಸಾಲಿನ ಎಲ್ಲ ಡಿಸ್ಕುಗಳಲ್ಲೂ ಆ ಜಾಗವನ್ನು ಒಟ್ಟಿಗೇ ಮರೆಸಿ, ಎಲ್ಲವೂ ತಪ್ಪದೆ ಸೊನ್ನೆಯನ್ನೇ ಹಿಂದಿರುಗಿಸಿದರೆ ಮಾತ್ರ ಕ್ಷೇಮ. ಎಲ್ಲ ಸೊನ್ನೆಯಾದರೆ ಮೊತ್ತವೂ ಸೊನ್ನೆ. ‘ನಾನು ಸೊನ್ನೆ ಕೊಡುತ್ತೇನೆ’ ಎಂದು ಡಿಸ್ಕುಗಳು ಹೇಳಿಕೊಳ್ಳುತ್ತವಾದರೂ ಎಲ್ಲವೂ ಮಾತಿಗೆ ತಪ್ಪದೆ ನಡೆಯುತ್ತವೆಂಬ ನಂಬಿಕೆ ಲಿನಕ್ಸಿನ ರೇಡ್ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ನೀಲ್ ಬ್ರೌನ್ ಅವರಿಗೆ ಇರಲಿಲ್ಲ. 2014ರಲ್ಲಿ ಅವರು ಪ್ಯಾರಿಟಿ ಇರುವ ರೇಡುಗಳಲ್ಲಿ ಟ್ರಿಮ್ ತಾನಾಗಿ ನಡೆಯದಂತೆ ಮಾಡಿ, ‘ನನ್ನ ಡಿಸ್ಕುಗಳು ನಂಬಿಕಸ್ಥ’ ಎಂದು ಬಳಕೆದಾರನೇ ಒಪ್ಪಿ ಸೂಚಿಸಿದರೆ ಮಾತ್ರ ನಡೆಯುವಂತೆ ಬದಲಿಸಿದರು. ವೇಗಕ್ಕಿಂತ ಮಾಹಿತಿಯ ಭದ್ರತೆ ದೊಡ್ಡದೆಂದು ಎಣಿಸಿದ ಈ ನಿರ್ಧಾರ ನನಗೆ ಮೆಚ್ಚುಗೆಯಾದುದು.

ಅವರ ಭಯ ಕಾಲ್ಪನಿಕವಾಗಿರಲಿಲ್ಲ. ಅಲ್ಗೋಲಿಯಾ ಎಂಬ ಹುಡುಕಾಟ ಸೇವೆಯ ಸಂಸ್ಥೆಯ ಗಣಕಗಳಲ್ಲಿ ಕಡತಗಳು ಕಾರಣವಿಲ್ಲದೆ ಕೆಡತೊಡಗಿದವು. ನೋಡಿದರೆ 512 ಬೈಟುಗಳ ತುಂಡುಗಳು ಸೊನ್ನೆಯಾಗಿದ್ದವು. ವಾರಗಟ್ಟಲೆ ಹುಡುಕಿ, 2015ರ ಜೂನಿನಲ್ಲಿ ಅವರು ತಮ್ಮ ಅನುಭವವನ್ನು ಪ್ರಕಟಿಸಿದಾಗ ಸಂಶಯದ ಬೆರಳು ಸ್ಯಾಮ್‌ಸಂಗ್ ಡಿಸ್ಕುಗಳ ಕಡೆಗೆ ತಿರುಗಿತ್ತು. ಸ್ಯಾಮ್‌ಸಂಗಿನ ಎಂಜಿನಿಯರುಗಳು ಅದೇ ತೊಂದರೆಯನ್ನು ತಮ್ಮಲ್ಲಿ ಮರುಕಳಿಸಿ ನೋಡಿ, ದೋಷ ಲಿನಕ್ಸಿನ ಒಳತಿರುಳಿನಲ್ಲಿದೆಯೆಂದು ಕಂಡುಹಿಡಿದರು. ರೇಡ್ ಪದರವು ಟ್ರಿಮ್ ಆಜ್ಞೆಯನ್ನು ತುಂಡರಿಸಿ ಬೇರೆ ಬೇರೆ ಡಿಸ್ಕುಗಳಿಗೆ ಕಳುಹಿಸುವಾಗ ಆ ತುಂಡುಗಳೆಲ್ಲ ಒಂದೇ ಚೀಟಿಯನ್ನು ಹಂಚಿಕೊಳ್ಳುತ್ತಿದ್ದವು. ಒಂದು ತುಂಡಿನ ವಿಳಾಸದ ಮೇಲೆ ಇನ್ನೊಂದರ ವಿಳಾಸ ಬರೆದುಹೋಗಿ, ಅಳಿಸಬಾರದ ಜಾಗ ಅಳಿಸಿಹೋಗುತ್ತಿತ್ತು. ಜುಲೈ ತಿಂಗಳಲ್ಲಿ ಅವರೇ ತಿದ್ದುಪಡಿಯನ್ನೂ ಕಳುಹಿಸಿದರು. ಆಪಾದಿತನೇ ಸಾಕ್ಷ್ಯ ಹುಡುಕಿ ತಂದು, ಎದುರು ಪಕ್ಷದ ಮನೆಯನ್ನೂ ರಿಪೇರಿ ಮಾಡಿಕೊಟ್ಟಂತಾಯಿತು.

ಸುದ್ದಿ ತಲುಪದಿರುವಲ್ಲಿ ಮಾಡಬಹುದಾದ ಉಪಾಯ ಹಳ್ಳಿಯ ಗೃಹಿಣಿಯರಿಗೂ ತಿಳಿದದ್ದೇ: ಸಾಮಾನು ಹೊರಳಿಸಲು ಒಂದಿಷ್ಟು ಜಾಗ ಬಿಟ್ಟಿರುವುದು. ಎಸ್‌ಎಸ್‌ಡಿಯೊಳಗೆ ಸ್ವಲ್ಪ ಜಾಗ ಹುಟ್ಟಿನಿಂದಲೇ ಹೆಚ್ಚಿಗೆ ಇರುತ್ತದೆ. ಚಿಪ್ಪುಗಳ ಅಳತೆ ಎರಡರ ಘಾತದಲ್ಲಿ, ಮಾರಾಟದ ಅಳತೆ ಹತ್ತರ ಘಾತದಲ್ಲಿ. ಆ ಎರಡು ಬಗೆಯ ‘ಗಿಗಾ’ಗಳ ನಡುವಿನ ಅಂತರವೇ ಶೇಕಡಾ 7ಕ್ಕೆ ತುಸು ಮೇಲೆ. ಟ್ರಿಮ್ ಸಾಗದ ರೇಡಿನಲ್ಲಿ ಇಷ್ಟು ಸಾಲದು. ಆದುದರಿಂದ ಅನುಭವಸ್ಥರು ಪ್ರತಿ ಡಿಸ್ಕಿನ ಹತ್ತು ಇಪ್ಪತ್ತು ಭಾಗವನ್ನು ಯಾವ ವಿಭಾಗಕ್ಕೂ ಸೇರಿಸದೆ ಹಾಗೆಯೇ ಬಿಡುತ್ತಾರೆ. ಹಾಗೆ ಬಿಟ್ಟ ಜಾಗದ ಮೇಲೆ ಎಂದೂ ಬರೆದಿರಬಾರದು, ಬರೆದಿದ್ದರೆ ಮೊದಲು ಬರಿದು ಮಾಡಿರಬೇಕು ಎಂಬುದೇ ಇಲ್ಲಿನ ಗುಟ್ಟು. ರೇಡ್ ಕಟ್ಟುವಾಗಲೂ ಒಂದು ಹೊಂಚಿದೆ. ಪ್ರಥಮ ಹೊಂದಾಣಿಕೆಯೆಂದು ಅದು ಡಿಸ್ಕುಗಳ ಉದ್ದಗಲಕ್ಕೂ ಬರೆದುಬಿಟ್ಟರೆ, ಒಂದು ಕಡತವೂ ಇಲ್ಲದ ಹೊಸ ಎಸ್‌ಎಸ್‌ಡಿ ತನ್ನ ಮಟ್ಟಿಗೆ ಪೂರ್ತಿ ತುಂಬಿದಂತೆಯೇ. ಇನ್ನು ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ವಿಭಾಗಗಳು 63ನೆಯ ಸೆಕ್ಟರಿನಿಂದ ಆರಂಭವಾಗುತ್ತಿದ್ದುದರಿಂದ ಪ್ರತಿ ಬರವಣಿಗೆಯೂ ಎರಡು ಪುಟಗಳಿಗೆ ಕಾಲು ಚಾಚುತ್ತಿತ್ತು. ವಿಸ್ಟಾದಿಂದ 1 ಮೆಗಾಬೈಟಿನ ಗಡಿಗೆ ಸರಿಸಿದ ಮೇಲೆ ಆ ತಾಪತ್ರಯ ತಪ್ಪಿತು.

ಗುಡಿಸುವ ಹೊತ್ತಿನ ತಂಟೆ ಬೇರೆಯೇ. ಒಂದು ಎಸ್‌ಎಸ್‌ಡಿ ಗುಡಿಸಲು ನಿಂತಾಗ ಕ್ಷಣಕಾಲ ಉತ್ತರ ತಡವಾಗುತ್ತದೆ. ರೇಡಿನಲ್ಲಿ ಎಲ್ಲರೂ ಉತ್ತರಿಸಿದ ಮೇಲೆಯೇ ಕೆಲಸ ಮುಗಿಯುವುದರಿಂದ ಎಂಟರಲ್ಲಿ ಒಂದು ನಿಂತರೂ ಎಂಟೂ ನಿಂತಂತೆ. ಒಂದೊಂದೂ ತನಗೆ ತೋಚಿದಾಗ ಗುಡಿಸಿದರೆ ಯಾವಾಗಲೂ ಯಾವುದೋ ಒಂದು ಗುಡಿಸುತ್ತಲೇ ಇರುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ ಸಂಶೋಧಕರು 2011ರಲ್ಲಿ ‘ಹಾರ್ಮೋನಿಯಾ’ ಎಂಬ ಕ್ರಮವನ್ನು ಸೂಚಿಸಿದರು: ಎಲ್ಲವೂ ಒಟ್ಟಿಗೇ ಗುಡಿಸಲಿ. 2017ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದವರು ಇನ್ನೂ ಒಳಗೆ ಹೋದರು. ಎಸ್‌ಎಸ್‌ಡಿಯ ಚಿಪ್ಪುಗಳ ನಡುವೆಯೇ ಪ್ಯಾರಿಟಿಯಿಟ್ಟು, ಗುಡಿಸುತ್ತಿರುವ ಚಿಪ್ಪಿಗೆ ಕಾಯದೆ ಉಳಿದವುಗಳಿಂದ ಉತ್ತರವನ್ನು ಲೆಕ್ಕ ಹಾಕಿ ತೆಗೆಯುವ ವಿಧಾನವನ್ನು ತೋರಿಸಿದರು. ಕೆಟ್ಟುಹೋದುದನ್ನು ಪಡೆಯಲೆಂದು 1987ರಲ್ಲಿ ಬರೆದ ಉಪಾಯ ಇಲ್ಲಿ ಕೆಲಸದಲ್ಲಿ ನಿರತನಾದವನನ್ನು ಕಾಯದಿರಲು ಬಳಕೆಯಾಯಿತು.

ಮೊದಲೇ ಸೂಚಿಸಿದ ಆ ಊಹೆಗೆ ಈಗ ಬರಬೇಕು. ಫ್ಲ್ಯಾಶ್ ಸಾಯುವುದು ಆಕಸ್ಮಿಕದಿಂದ ಮಾತ್ರವಲ್ಲ, ಬರೆದ ಲೆಕ್ಕದಿಂದ. ರೇಡ್ ಮಾಡುವ ಕೆಲಸವೋ ಬರವಣಿಗೆಯನ್ನು ಎಲ್ಲ ಡಿಸ್ಕುಗಳಿಗೂ ಸಮನಾಗಿ ಹಂಚುವುದು. ಒಂದೇ ದಿನ ಕೊಂಡ, ಒಂದೇ ಬಗೆಯ ಎಸ್‌ಎಸ್‌ಡಿಗಳಿಗೆ ಸಮಾನ ಕೂಲಿ ಮಾಡಿಸಿದರೆ ಅವು ಒಟ್ಟಿಗೇ ಮುದಿಯಾಗುತ್ತವೆ. ಒಂದು ಹೋದಾಗ ಉಳಿದವೂ ಸಾವಿನಂಚಿನಲ್ಲಿರುತ್ತವೆ. ಅದೇ ಗಳಿಗೆಯಲ್ಲಿ ಹೋದುದನ್ನು ಮರಳಿ ಕಟ್ಟಲು ಅವುಗಳ ಮೂಲೆಮೂಲೆಯನ್ನೂ ಓದಬೇಕು. ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದ ಮಹೇಶ್ ಬಾಲಕೃಷ್ಣನ್ ಮತ್ತು ಸಂಗಡಿಗರು 2010ರಲ್ಲಿ ‘ಡಿಫ್-ರೇಡ್’ ಎಂಬ ಪ್ರಬಂಧದಲ್ಲಿ ಇದನ್ನು ಲೆಕ್ಕಸಹಿತ ವಿವರಿಸಿ, ಪ್ಯಾರಿಟಿಯನ್ನು ಬೇಕೆಂದೇ ಅಸಮವಾಗಿ ಹಂಚುವ ಸಲಹೆ ಕೊಟ್ಟರು. ಒಂದು ಡಿಸ್ಕು ಹೆಚ್ಚು ಬರೆದು ಮೊದಲು ಸವೆಯಲಿ, ಅದನ್ನು ಬದಲಿಸಿದ ಮೇಲೆ ಉಳಿದವುಗಳಲ್ಲಿ ಹಿರಿಯದಕ್ಕೆ ಆ ಹೊರೆ ಹೋಗಲಿ, ಹೀಗೆ ವಯಸ್ಸುಗಳು ಎಂದೂ ಸರಿಸಮವಾಗದಿರಲಿ ಎಂಬ ವಾದ.

ಸವೆತದ ಮಾತು ಹಾಗಿರಲಿ, ಒಟ್ಟಿಗೆ ಸಾಯಲು ಬರೀ ಗಡಿಯಾರವೂ ಸಾಕೆಂಬುದು ಎಚ್‌ಪಿಇ ಸಂಸ್ಥೆಯು 2019ರ ನವೆಂಬರಿನಲ್ಲಿ ಹೊರಡಿಸಿದ ಪ್ರಕಟಣೆಯಿಂದ ತಿಳಿಯಿತು. ಅದು ಮಾರಿದ್ದ ಕೆಲವು ಮಾದರಿಯ ಎಸ್‌ಎಸ್‌ಡಿಗಳು, ಒಳತಂತ್ರಾಂಶವನ್ನು ಬದಲಿಸದಿದ್ದರೆ, ಚಾಲನೆಯಾದ 32,768 ಗಂಟೆಗಳ ನಂತರ, ಅಂದರೆ 3 ವರ್ಷ 270 ದಿನ 8 ಗಂಟೆ ತುಂಬಿದೊಡನೆ, ಒಳಗಿದ್ದ ಮಾಹಿತಿಯ ಸಮೇತ ಶಾಶ್ವತವಾಗಿ ನಿಂತುಹೋಗಲಿದ್ದವು. 32,768 ಎಂಬುದು ಎರಡರ ಹದಿನೈದನೆಯ ಘಾತ. ಒಟ್ಟಿಗೆ ಚಾಲನೆಗೊಂಡವು ಬಹುತೇಕ ಒಟ್ಟಿಗೇ ಕೆಡುವವೆಂದೂ ಆ ಪ್ರಕಟಣೆ ಎಚ್ಚರಿಸಿತ್ತು. 2020ರ ಮಾರ್ಚಿನಲ್ಲಿ ಇನ್ನು ಕೆಲವು ಮಾದರಿಗಳ ವಿಷಯದಲ್ಲಿ ಎರಡನೆಯ ಪ್ರಕಟಣೆ ಬಂತು. ಈ ಸಲದ ಗಡುವು 40,000 ಗಂಟೆ. ರೇಡ್ ಕಟ್ಟುವವರು ಎಲ್ಲ ಡಿಸ್ಕುಗಳಿಗೂ ಒಂದೇ ಹೊತ್ತಿಗೆ ವಿದ್ಯುತ್ ಕೊಡುತ್ತಾರೆಂಬುದನ್ನು ನೆನೆದರೆ, ಪ್ಯಾರಿಟಿಯ ಗಣಿತ ಎಷ್ಟೇ ಶುದ್ಧವಾಗಿದ್ದರೂ ಇಂತಹ ಕಡೆ ಉಪಯೋಗಕ್ಕೆ ಬಾರದು. ಬೇರೆ ಬೇರೆ ತಯಾರಿಕೆಯ, ಬೇರೆ ಬೇರೆ ತಿಂಗಳಲ್ಲಿ ಕೊಂಡ ಡಿಸ್ಕುಗಳನ್ನು ಬೆರೆಸಿ ಜೋಡಿಸುವ ಪದ್ಧತಿಗೆ ಇಂತಹ ಪ್ರಸಂಗಗಳೂ ಒಂದು ಕಾರಣ. ರೇಡ್ ಇದ್ದರೂ ಬೇರೆಡೆ ಒಂದು ಪ್ರತಿ ಇರಲೇಬೇಕೆಂದು ಬಲ್ಲವರು ಹಟ ಹಿಡಿಯುವುದಕ್ಕೂ.

ಟ್ರಿಮ್ ಸುದ್ದಿಯ ದಾರಿ ಈಗ ಮೊದಲಿಗಿಂತ ಸುಗಮವಾಗಿದೆ. ಲಿನಕ್ಸಿಗಾಗಿ ಇರುವ ಝಡ್‌ಎಫ್‌ಎಸ್ ವ್ಯವಸ್ಥೆಯೂ 2019ರ ಮೇ ತಿಂಗಳ ತನ್ನ 0.8ನೆಯ ಆವೃತ್ತಿಯಲ್ಲಿ ಟ್ರಿಮ್ ಕಲಿತುಕೊಂಡಿತು. ಆದರೂ ಸುದ್ದಿಯನ್ನು ದಾಟಿಸದ ರೇಡ್ ಕಾರ್ಡುಗಳು ಬಳಕೆಯಲ್ಲಿ ಉಳಿದಿವೆ. ಅಲ್ಲಿ ಬಿಟ್ಟ ಜಾಗವೇ ಗತಿ. ಪ್ರತಿ ಅಳಿಸುವಿಕೆಗೂ ಕೂಡಲೇ ಡಿಸ್ಕಿಗೆ ಹೇಳಿಕಳುಹಿಸಿದರೆ ಕೆಲಸಕ್ಕೆ ಅಡ್ಡಿಯಾಗುವುದುಂಟು. ಆದುದರಿಂದ ಲಿನಕ್ಸಿನ ಹಲವು ಆವೃತ್ತಿಗಳಲ್ಲಿ ಸುದ್ದಿಯನ್ನು ಕೂಡಿಟ್ಟು ವಾರಕ್ಕೊಮ್ಮೆ ಕಳುಹಿಸುವ ಏರ್ಪಾಡು ಇದೆ. ಅದರ ಗಡಿಯಾರದಲ್ಲಿ ವಾರವೆಂದರೆ ಸೋಮವಾರದ ನಡುರಾತ್ರಿ ಹನ್ನೆರಡು. ಒಂದೇ ಹೊತ್ತಿಗೆ ಸಾವಿರಾರು ಗಣಕಗಳು ಗುಡಿಸಲು ಏಳಬಾರದೆಂದು ಇತ್ತೀಚಿನವುಗಳಲ್ಲಿ ಆ ಗಳಿಗೆಯನ್ನು ತುಸು ಹಿಂದುಮುಂದಾಗಿ ಹಂಚಿದ್ದಾರೆ.